ಕಬ್ಬು ಕಡಿಯುವಾಗ ಕಾಡುಬೆಕ್ಕಿನ ಮರಿ ಸಿಕ್ಕರೆ ಏನು ಮಾಡಬೇಕು?

ಕಟಾವಿನ ಕಾಲ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಕಬ್ಬಿನ ತರಗಿನ ಮೇಲೆ ಎರಡೋ ಮೂರೋ ಪುಟ್ಟ ಮರಿಗಳು. ಮೈಮೇಲೆ ಮಾಸಲು ಪಟ್ಟೆ. ಕಣ್ಣು ಈಗಷ್ಟೇ ಬಿಟ್ಟಿರುತ್ತವೆ. ಜೊತೆಗೊಂದು ಪ್ರಶ್ನೆ: "ಅಣ್ಣಾ, ಇದು ಚಿರತೆ ಮರಿನಾ? ಮನೆಗೆ ತಂದು ಹಾಲು ಕುಡಿಸ್ತಾ ಇದ್ದೀವಿ. ಮುಂದೆ ಏನ್ ಮಾಡೋದು?" ಮಂಡ್ಯದ ಕಡೆಯಿಂದಲೂ ಬರುತ್ತದೆ, ಬೆಳಗಾವಿ, ಬಾಗಲಕೋಟೆ ಕಡೆಯಿಂದಲೂ ಬರುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ನೆನಪಿಡಿ. ಒಂಟಿಯಾಗಿ ಕಂಡ ಮರಿ ಸಾಮಾನ್ಯವಾಗಿ ಅನಾಥ ಮರಿ ಅಲ್ಲ. ತಾಯಿ ಅಲ್ಲೇ ಎಲ್ಲೋ ಇದೆ. ಕುಡುಗೋಲಿನ ಸದ್ದು, ಟ್ರ್ಯಾಕ್ಟರ್ ಗದ್ದಲಕ್ಕೆ ಹೆದರಿ ಪಕ್ಕದ ಗದ್ದೆಯಲ್ಲೋ ಹಳ್ಳದ ಪೊದೆಯಲ್ಲೋ ಅಡಗಿ ಕುಳಿತಿದೆ. ಕತ್ತಲಾಗಲಿ, ಜನ ಹೋಗಲಿ ಅಂತ ಕಾಯುತ್ತಿದೆ. ನೀವು ಅದಕ್ಕೆ ಒಂದು ರಾತ್ರಿ ಬಿಟ್ಟುಕೊಡಿ. ಬಹಳ ಸಲ ಅಷ್ಟೇ ಸಾಕು.

ನಿಮ್ಮ ಹೊಲದಲ್ಲಿ ಇರುವುದು ಯಾವ ಬೆಕ್ಕು?

ಕಬ್ಬಿನ ಗದ್ದೆಯಲ್ಲಿ ಜಾಸ್ತಿ ಸಿಗುವುದು ಕಾಡುಬೆಕ್ಕು. ಮನೆ ಬೆಕ್ಕಿಗಿಂತ ಎತ್ತರ, ಕಾಲು ಉದ್ದ, ಬಾಲ ಮಾತ್ರ ಗಿಡ್ಡ. ಬಾಲದ ತುದಿ ಕಪ್ಪು, ಅದರ ಹಿಂದೆ ಒಂದೆರಡು ಕಪ್ಪು ಉಂಗುರ. ಕಿವಿಯ ತುದಿಯಲ್ಲಿ ಚೂರು ಕಪ್ಪು ಕೂದಲು. ಮೈಬಣ್ಣ ಒಣಹುಲ್ಲಿನದು. ನೀರಿನ ಪಕ್ಕದ ಜೊಂಡು, ಎತ್ತರದ ಹುಲ್ಲು ಅದಕ್ಕೆ ಇಷ್ಟ. ಹತ್ತು ಹನ್ನೆರಡು ತಿಂಗಳು ಯಾರೂ ಅಷ್ಟಾಗಿ ಒಳಗೆ ಕಾಲಿಡದ ಕಬ್ಬಿನ ಗದ್ದೆ ಅದರ ಕಣ್ಣಿಗೆ ಅಂಥದೇ ಹುಲ್ಲು. ನೆರಳಿದೆ, ನೀರಿದೆ, ಹೊಟ್ಟೆ ತುಂಬ ಇಲಿ ಇದೆ. ಮರಿ ಹಾಕಲು ಇನ್ನೇನು ಬೇಕು?

ಎರಡನೆಯದು ತುಕ್ಕುಚುಕ್ಕೆ ಬೆಕ್ಕು. ಬೂದು ಮೈಮೇಲೆ ಕಬ್ಬಿಣದ ತುಕ್ಕಿನ ಬಣ್ಣದ ಚುಕ್ಕೆಗಳು ಸಾಲಾಗಿರುತ್ತವೆ, ಹಣೆಯಲ್ಲಿ ಬಿಳಿ ಗೆರೆ. ಬೆಳೆದ ಬೆಕ್ಕೇ ಒಂದರಿಂದ ಒಂದೂವರೆ ಕಿಲೊ ತೂಗಿದರೆ ಹೆಚ್ಚು. ಜಗತ್ತಿನ ಅತಿ ಚಿಕ್ಕ ಕಾಡು ಬೆಕ್ಕುಗಳಲ್ಲಿ ಇದೂ ಒಂದು. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಅಂಥ ಪ್ರಾಣಿ ನಮ್ಮ ಬದುವಿನ ಮೇಲೆ ಓಡಾಡುತ್ತಿದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಪಾಳುಬಿದ್ದ ಮನೆಯ ಮಾಡಿನಲ್ಲಿ, ಅಟ್ಟದ ಮೇಲೆ ಇದು ಮರಿ ಹಾಕಿದ್ದೂ ಉಂಟು.

ಮೂರನೆಯದು ಚಿರತೆಬೆಕ್ಕು. ಇದು ಮಲೆನಾಡು, ಕೊಡಗಿನ ಕಡೆಯದು. ಕಾಫಿ ತೋಟದವರಿಗೆ ಗೊತ್ತಿರುತ್ತದೆ. ಮೈತುಂಬ ಎದ್ದು ಕಾಣುವ ಕಪ್ಪು ಚುಕ್ಕೆ, ಕಿವಿಯ ಹಿಂಭಾಗದಲ್ಲಿ ಬಿಳಿ ಮಚ್ಚೆ.

ಪುನುಗು ಬೆಕ್ಕನ್ನು ಕೆಲವರು ಇದೇ ಗುಂಪಿಗೆ ಸೇರಿಸುತ್ತಾರೆ. ಹೆಸರಲ್ಲಿ ಬೆಕ್ಕು ಇದ್ದರೂ ಅದು ಬೆಕ್ಕಿನ ಜಾತಿಯಲ್ಲ. ಮೂತಿ ಉದ್ದ, ಬಾಲವೂ ಉದ್ದ. ಅದರ ಮರಿ ಸಿಕ್ಕರೂ ಮುಟ್ಟದೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಟಾವಿಗೆ ಮುಂಚೆ ಸಿದ್ಧ ಇಟ್ಟುಕೊಳ್ಳಿ

ದೊಡ್ಡ ಖರ್ಚಿಲ್ಲ. ಒಂದು ಟೊಮೆಟೊ ಕ್ರೇಟ್, ಹಳೆಯ ಹತ್ತಿ ಸೀರೆಯ ತುಂಡು, ದಪ್ಪ ಕೈಗವಸು, ಮುಚ್ಚಳ ಭದ್ರ ಇರುವ ಒಂದು ನೀರಿನ ಬಾಟಲಿ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926, ಇದನ್ನು ಫೋನಲ್ಲಿ ಸೇವ್ ಮಾಡಿಕೊಳ್ಳಿ. ನಿಮ್ಮ ಭಾಗದ ಫಾರೆಸ್ಟ್ ಗಾರ್ಡ್ ನಂಬರ್ ಸಿಕ್ಕರೆ ಇನ್ನೂ ಒಳ್ಳೆಯದು.

ಕಟಾವಿನ ಗ್ಯಾಂಗ್ ಮೇಸ್ತ್ರಿ ಜೊತೆ ಮೊದಲ ದಿನವೇ ಒಂದು ಮಾತು ಆಡಿಬಿಡಿ: "ಮರಿ ಕಂಡರೆ ಮುಟ್ಟಬೇಡಿ, ನನ್ನನ್ನು ಕರೆಯಿರಿ." ಮರಿಯನ್ನು ಮೊದಲು ನೋಡುವುದು ಅವರು, ನೀವಲ್ಲ. ಕೆಲಸ ನಿಂತರೆ ಕೂಲಿ ಹೋಗುತ್ತದೆ ಅನ್ನುವ ಭಯ ಅವರಿಗಿರುತ್ತದೆ. ಅರ್ಧ ಗಂಟೆ ತಡವಾದರೆ ಕೂಲಿ ಮುರಿಯುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ.

ಈಗ ಹಂತಗಳು

1. ಆ ಸಾಲಿನ ಕೆಲಸ ನಿಲ್ಲಿಸಿ, ಚಿರತೆ ಮರಿಯಾ ನೋಡಿ

ಕಾಡುಬೆಕ್ಕಿನ ಮರಿಗೆ ಹುಟ್ಟಿದಾಗ ಮೈಮೇಲೆ ಪಟ್ಟೆ, ಚುಕ್ಕೆ ಇರುತ್ತವೆ. ದೊಡ್ಡದಾದಂತೆ ಮಾಸಿ ಹೋಗುತ್ತವೆ. ಜನ ಅದನ್ನು ಹುಲಿ ಮರಿ, ಚಿರತೆ ಮರಿ ಅಂದುಕೊಳ್ಳುವುದು ಇದರಿಂದಲೇ. ವ್ಯತ್ಯಾಸ ಹೀಗೆ ಗುರುತಿಸಿ. ಕಾಡುಬೆಕ್ಕಿನ ಮರಿ ಅಂಗೈಯಷ್ಟಿರುತ್ತದೆ, ಮೈ ತೆಳು, ಕಿವಿ ದೊಡ್ಡದು ಮತ್ತು ಚೂಪು. ಚಿರತೆ ಮರಿಗೆ ತಲೆ ದುಂಡು, ಕಿವಿ ಚಿಕ್ಕದು ಮತ್ತು ದುಂಡು, ಪಂಜ ಮೈಗೆ ಹೋಲಿಸಿದರೆ ದಪ್ಪ, ಬಾಲ ಉದ್ದ, ಮೈತುಂಬ ಒತ್ತೊತ್ತಾಗಿ ಕಪ್ಪು ಚುಕ್ಕೆ.

ಇದನ್ನೆಲ್ಲ ಹತ್ತಿರ ಹೋಗಿ ಬಗ್ಗಿ ನೋಡಬೇಡಿ. ಹತ್ತಿಪ್ಪತ್ತು ಅಡಿ ದೂರದಿಂದ ಫೋನಲ್ಲಿ ಜೂಮ್ ಮಾಡಿ ಒಂದು ಫೋಟೊ ತೆಗೆಯಿರಿ, ಆಚೆ ಬಂದು ನೋಡಿ.

ಎಚ್ಚರಿಕೆ: ಚಿರತೆ ಮರಿ ಇರಬಹುದು ಅಂತ ಒಂಚೂರು ಅನುಮಾನ ಬಂದರೂ ಎಲ್ಲರನ್ನೂ ಕರೆದುಕೊಂಡು ಗದ್ದೆಯಿಂದ ಹೊರಗೆ ಬನ್ನಿ. ತಾಯಿ ಚಿರತೆ ಹತ್ತಿರವೇ ಇರುತ್ತದೆ. 1926ಕ್ಕೆ ಫೋನ್ ಮಾಡಿ. ಇಲ್ಲಿಂದ ಮುಂದಿನ ಹಂತಗಳು ಚಿರತೆಗೆ ಅನ್ವಯಿಸುವುದಿಲ್ಲ. ಅದು ಇಲಾಖೆಯವರ ಕೆಲಸ, ನಿಮ್ಮದಲ್ಲ.

2. ಮರಿ ಇರುವಲ್ಲೇ ಇರಲಿ, ಸುತ್ತಲೂ ಕಬ್ಬು ಬಿಡಿ

ಮರಿ ಗಾಯವಾಗದೆ ಬೆಚ್ಚಗೆ ಗೂಡಿನಲ್ಲೇ ಇದ್ದರೆ ಸುಮ್ನೆ ಬಿಟ್ಟುಬಿಡಿ. ಅದರ ಸುತ್ತ ಒಂದು ಗುಂಟೆಯಷ್ಟು ಕಬ್ಬನ್ನು ಆ ದಿನ ಕಡಿಯಬೇಡಿ. ಆ ತುಂಡು ಪೂರ್ತಿ ಒಂಟಿ ದ್ವೀಪದಂತೆ ಆಗದಿರಲಿ. ಒಂದು ಕಡೆಯಾದರೂ ಪಕ್ಕದ ಗದ್ದೆಗೋ ಬೇಲಿ ಸಾಲಿಗೋ ಹಳ್ಳಕ್ಕೋ ತಾಗಿಕೊಂಡಿರಬೇಕು. ತಾಯಿ ಬಯಲಲ್ಲಿ ನಡೆದು ಬರಲು ಹೆದರುತ್ತದೆ.

ಬೇರೆ ಕಡೆ ಕಡಿಯುತ್ತಿರಿ. ಮಾರನೆ ದಿನವೋ ಅದರ ಮಾರನೆ ದಿನವೋ ಆ ತುಂಡು ಕಡಿದರಾಯಿತು. ಅಷ್ಟರಲ್ಲಿ ತಾಯಿ ಒಂದೊಂದೇ ಮರಿಯನ್ನು ಕತ್ತು ಕಚ್ಚಿ ಹಿಡಿದು ಬೇರೆ ಕಡೆ ಸಾಗಿಸಿರುತ್ತದೆ.

ಸಾಮಾನ್ಯ ತಪ್ಪು: ಎಲ್ಲರೂ ಗುಂಪು ಸೇರಿ ನೋಡುವುದು, ಮಕ್ಕಳ ಕೈಗೆ ಕೊಟ್ಟು ಫೋಟೊ ತೆಗೆಯುವುದು. ಜನ ಇರುವ ತನಕ ತಾಯಿ ಬರುವುದಿಲ್ಲ. ನಾಯಿಗಳನ್ನು ಕಟ್ಟಿಹಾಕಿ, ಬೀದಿನಾಯಿ ಇದ್ದರೆ ಒಬ್ಬರು ದೂರದಲ್ಲಿ ಕಾವಲಿರಿ. ಈ ಮರಿಗಳಿಗೆ ನಾಯಿಗಿಂತ ದೊಡ್ಡ ಶತ್ರು ಇನ್ನೊಂದಿಲ್ಲ.

3. ಅರಣ್ಯ ಇಲಾಖೆಗೆ ತಿಳಿಸಿ

"ಇಷ್ಟು ಸಣ್ಣದಕ್ಕೆ ಯಾಕೆ ಫೋನ್?" ಅಂತ ಅನೇಕರು ಕೇಳುತ್ತಾರೆ. ಕಾರಣ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದು, ಮನೆಯಲ್ಲಿ ಸಾಕುವುದು ಅಪರಾಧ. ಚಿರತೆಬೆಕ್ಕು ಮತ್ತು ತುಕ್ಕುಚುಕ್ಕೆ ಬೆಕ್ಕು ಕಾಯ್ದೆಯ ಮೊದಲನೆ ಪಟ್ಟಿಯಲ್ಲಿವೆ (ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿ ಅದು, ಹುಲಿ, ಆನೆ ಇರುವುದೂ ಅಲ್ಲೇ). ಅಂಥ ಪ್ರಾಣಿಯನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಕಾನೂನಿನಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದೂ ಬೇಟೆಯೇ. ಹೇಗೋ ಕೈಗೆ ಬಂದ ಪ್ರಾಣಿಯ ಬಗ್ಗೆ 48 ಗಂಟೆಯೊಳಗೆ ಹತ್ತಿರದ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಮೊದಲೇ ಫೋನ್ ಮಾಡಿದರೆ ನೀವು ಮಾಡಿದ್ದೆಲ್ಲ ಸಹಾಯಕ್ಕೆ ಅಂತ ತೋರಿಸಲು ಸುಲಭ.

ಫೋನಲ್ಲಿ ನಾಲ್ಕು ವಿಷಯ ಹೇಳಿ: ಊರು ಮತ್ತು ಸರ್ವೆ ನಂಬರ್, ಎಷ್ಟು ಮರಿ, ಕಣ್ಣು ಬಿಟ್ಟಿವೆಯಾ, ಗಾಯ ಇದೆಯಾ. ಕಣ್ಣು ಬಿಡದಿದ್ದರೆ ಮರಿಗೆ ಇನ್ನೂ ಸುಮಾರು ಹತ್ತು ದಿನ ಕೂಡ ಆಗಿಲ್ಲ ಅಂತ ಅರ್ಥ.

4. ಎತ್ತಲೇಬೇಕಾದರೆ ಹೀಗೆ ಎತ್ತಿ

ಗೂಡು ಪೂರ್ತಿ ಕಡಿದುಹೋಗಿ ಮರಿ ಬಿಸಿಲಲ್ಲಿ ಬಿದ್ದಿದ್ದರೆ, ನಾಯಿ ಕಾಟ ಇದ್ದರೆ, ಟ್ರ್ಯಾಕ್ಟರ್ ಹಾದುಹೋಗುವ ದಾರಿಯಾಗಿದ್ದರೆ ಮಾತ್ರ ಮುಟ್ಟಿ. ಅದೂ ಫೋನಲ್ಲಿ ಇಲಾಖೆಯವರನ್ನು ಕೇಳಿಕೊಂಡು.

ಕೈಗವಸು ಹಾಕಿಕೊಳ್ಳಿ. ಕ್ರೇಟ್ ಒಳಗೆ ಹತ್ತಿ ಬಟ್ಟೆ ಹಾಸಿ. ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿ ಒಳಗಿಡಿ. ಎಲ್ಲ ಮರಿಗಳೂ ಒಟ್ಟಿಗೆ ಇರಲಿ, ಒಂದಕ್ಕೊಂದು ಅಂಟಿಕೊಂಡರೆ ಬೆಚ್ಚಗಿರುತ್ತವೆ. ಚಳಿ ಇದ್ದರೆ ಬಾಟಲಿಗೆ ಉಗುರುಬೆಚ್ಚಗಿನ ನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಎಳೆ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಹಸಿವಿಗಿಂತ ಮೊದಲು ಚಳಿಯೇ ಅದನ್ನು ಕೊಲ್ಲುತ್ತದೆ. ಕ್ರೇಟನ್ನು ಅದೇ ಗದ್ದೆಯ ಅಂಚಿನಲ್ಲಿ ನೆರಳಿಗೆ ಇಡಿ. ಮನೆಗೆ ತರಬೇಡಿ.

ಹಾಲಿನ ವಿಷಯ: ಹಸು, ಎಮ್ಮೆ, ಪ್ಯಾಕೆಟ್ ಯಾವ ಹಾಲೂ ಬೇಡ. ಬೆಕ್ಕಿನ ಮರಿಗೆ ಅದು ಅರಗುವುದಿಲ್ಲ. ಭೇದಿ ಹತ್ತಿ ಮೈಯ ನೀರು ಬತ್ತಿ ಹೋಗುತ್ತದೆ. ಬಾಯಿಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ. ನಮ್ಮ ಪಕ್ಕದೂರಿನ ಮನೆಯೊಂದರಲ್ಲಿ ತುಂಬ ಪ್ರೀತಿಯಿಂದ ಬತ್ತಿಯಲ್ಲಿ ಅದ್ದಿ ಅದ್ದಿ ಹಾಲು ಕುಡಿಸಿದರು. ಮೂರನೇ ದಿನಕ್ಕೆ ಎರಡು ಮರಿಯೂ ಇರಲಿಲ್ಲ. ಅವರ ಮನಸ್ಸು ಒಳ್ಳೆಯದೇ ಇತ್ತು, ಮಾಹಿತಿ ಇರಲಿಲ್ಲ ಅಷ್ಟೇ. ಬೆಚ್ಚಗಿದ್ದರೆ ಸಂಜೆ ತನಕ ಹೊಟ್ಟೆಗಿಲ್ಲದೆಯೂ ಮರಿ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ತಾಯಿಯೇ ಬಂದು ಕುಡಿಸಲಿ.

ಮನುಷ್ಯರ ವಾಸನೆ ತಗುಲಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ನಿಜವಲ್ಲ. ಮಹಾರಾಷ್ಟ್ರದ ಜುನ್ನರ್ ಸೀಮೆಯೂ ಕಬ್ಬಿನ ನಾಡು. ಅಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯ ಪಶುವೈದ್ಯರು ಕಟಾವಿನಲ್ಲಿ ಸಿಕ್ಕ ಚಿರತೆ ಮರಿ, ಕಾಡುಬೆಕ್ಕಿನ ಮರಿ, ತುಕ್ಕುಚುಕ್ಕೆ ಬೆಕ್ಕಿನ ಮರಿಗಳನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ, ಸಂಜೆ ಅದೇ ಗದ್ದೆಯಲ್ಲಿಟ್ಟು ತಾಯಿಗೆ ಒಪ್ಪಿಸಿದ್ದಾರೆ. ತಾಯಿ ಬಂದು ಕರೆದುಕೊಂಡು ಹೋಗಿದೆ.

5. ಸಂಜೆ ತಾಯಿಗೆ ಒಪ್ಪಿಸುವುದು

ಮುಖ್ಯವಾದ ಹಂತ ಇದು. ಇಲಾಖೆಯವರು ಬಂದರೆ ಅವರೇ ಮಾಡುತ್ತಾರೆ, ನೀವು ಜಾಗ ತೋರಿಸಿ. ಅವರು ಬರುವುದು ತಡವಾಗಿ, "ನೀವೇ ಇಡಿ" ಅಂದರೆ ಹೀಗೆ ಮಾಡಿ.

ಸೂರ್ಯ ಮುಳುಗುವ ಹೊತ್ತಿಗೆ ಗದ್ದೆಯಿಂದ ಎಲ್ಲರೂ ಹೊರಡಬೇಕು. ಮರಿ ಸಿಕ್ಕ ಜಾಗಕ್ಕೇ ಕ್ರೇಟ್ ತನ್ನಿ. ತಾಯಿ ಹುಡುಕಿಕೊಂಡು ಬರುವುದು ಅಲ್ಲಿಗೆ. ನಿಮಗೆ ಅನುಕೂಲ ಅಂತ ರಸ್ತೆ ಪಕ್ಕಕ್ಕೋ ತೋಟದ ಮನೆ ಹತ್ತಿರಕ್ಕೋ ಬದಲಾಯಿಸಬೇಡಿ. ಕ್ರೇಟಿನ ಮೇಲೆ ಮುಚ್ಚಳ ಬೇಡ. ತಾಯಿ ಬಗ್ಗಿ ಎತ್ತಿಕೊಳ್ಳುವಂತಿರಬೇಕು, ಮರಿ ತಾನಾಗಿ ಹತ್ತಿ ಹೊರಗೆ ಬೀಳುವಂತಿರಬಾರದು. ಕ್ರೇಟ್ ಉರುಳದಂತೆ ಎರಡು ಬದಿಗೆ ಮಣ್ಣು ಒತ್ತಿ. ಮೇಲೆ ಸ್ವಲ್ಪ ಸೋಗೆ ಹರಡಿ, ಪೂರ್ತಿ ಮುಚ್ಚಬೇಡಿ.

ಆಮೇಲೆ ದೂರ ಹೋಗಿ. ನೂರು ಮೀಟರ್ ಆದರೂ ಇರಲಿ. ಟಾರ್ಚ್ ಬಿಡುವುದು, ಬೀಡಿ ಸೇದುವುದು, ಬೈಕ್ ಸ್ಟಾರ್ಟ್ ಮಾಡುವುದು ಯಾವುದೂ ಬೇಡ. ಮರಿ ಕೂಗುತ್ತದೆ. ನಿಮಗೆ ಕರುಳು ಚುರುಕ್ ಅನ್ನುತ್ತದೆ. ಓಡಿ ಹೋಗಬೇಡಿ, ಆ ಕೂಗೇ ತಾಯಿಯನ್ನು ಕರೆಯುವುದು. ಇಲಾಖೆಯವರ ಬಳಿ ಕ್ಯಾಮೆರಾ ಟ್ರ್ಯಾಪ್ ಇದ್ದರೆ (ಪ್ರಾಣಿ ಎದುರು ಹಾದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ) ತಾಯಿ ಬಂದದ್ದು ಖಚಿತವಾಗಿ ಗೊತ್ತಾಗುತ್ತದೆ.

6. ಬೆಳಿಗ್ಗೆ ನೋಡಿ, ಅವಸರ ಬೇಡ

ಕ್ರೇಟ್ ಖಾಲಿ ಇದ್ದು ಸುತ್ತ ರಕ್ತ, ನಾಯಿ ಹೆಜ್ಜೆ ಇಲ್ಲದಿದ್ದರೆ ತಾಯಿ ಒಯ್ದಿದೆ ಅಂತ ತಿಳಿಯಬಹುದು. ಮೂರರಲ್ಲಿ ಒಂದೇ ಮರಿ ಉಳಿದಿದ್ದರೆ ತಾಯಿ ಅದನ್ನು ಬಿಟ್ಟುಹೋಗಿದೆ ಅಂದುಕೊಳ್ಳಬೇಡಿ. ಬೆಳಕು ಹರಿದಿದ್ದಕ್ಕೆ ನಿಲ್ಲಿಸಿರುತ್ತದೆ. ಆ ಮರಿಯನ್ನು ನೆರಳಲ್ಲಿ ಬೆಚ್ಚಗಿಟ್ಟು, ಇಲಾಖೆಗೆ ತಿಳಿಸಿ, ಸಂಜೆ ಮತ್ತೆ ಅಲ್ಲೇ ಇಡಿ. ಎರಡನೇ ರಾತ್ರಿಯೂ ತಾಯಿ ಬರದಿದ್ದರೆ ಅಥವಾ ಮರಿ ತಣ್ಣಗಾಗಿ ಸೊರಗುತ್ತಿದ್ದರೆ ಮುಂದಿನದನ್ನು ಪಶುವೈದ್ಯರಿಗೆ ಬಿಡಿ.

ಮೈಮೇಲೆ ಕುಡುಗೋಲಿನ ಗಾಯ, ನೊಣ ಮುತ್ತಿರುವುದು, ಹುಳು, ಅಥವಾ ಪಕ್ಕದಲ್ಲೇ ತಾಯಿ ಸತ್ತು ಬಿದ್ದಿರುವುದು ಕಂಡರೆ ಸಂಜೆ ತನಕ ಕಾಯುವಂತಿಲ್ಲ. ತಕ್ಷಣ ಇಲಾಖೆಗೆ ಹೇಳಿ ಆಸ್ಪತ್ರೆಗೆ ಕಳಿಸಿ.

7. ಈಗಾಗಲೇ ಮನೆಗೆ ತಂದಿದ್ದರೆ

ಭಯಪಡಬೇಡಿ, ಮುಚ್ಚಿಡಬೇಡಿ. ಒಂದೆರಡು ದಿನ ಕಳೆದಿದ್ದರೂ ತಾಯಿ ಆ ಜಾಗಕ್ಕೆ ಹುಡುಕಿಕೊಂಡು ಬರುತ್ತಿರಬಹುದು. ಇವತ್ತೇ ಫೋನ್ ಮಾಡಿ, ಮರಿ ಸಿಕ್ಕ ಸರಿಯಾದ ಸಾಲು ತೋರಿಸಿ. ಸಾಕಿಬಿಡೋಣ ಅನ್ನುವ ಆಸೆ ಬಿಟ್ಟುಬಿಡಿ. ಕೈಯಲ್ಲಿ ಬೆಳೆದ ಮರಿ ಬೇಟೆ ಕಲಿಯುವುದಿಲ್ಲ, ಮನುಷ್ಯರಿಗೆ, ನಾಯಿಗೆ ಹೆದರುವುದನ್ನೂ ಕಲಿಯುವುದಿಲ್ಲ. ದೊಡ್ಡದಾದ ಮೇಲೆ ಹೊರಗೆ ಬಿಟ್ಟರೆ ಸಾಯುತ್ತದೆ, ಇಲ್ಲವೇ ಜೀವಮಾನವಿಡೀ ಬೋನಿನಲ್ಲಿರುತ್ತದೆ.

ಕಡಿಯುವ ರೀತಿಯಲ್ಲೇ ಸ್ವಲ್ಪ ಬದಲಾವಣೆ

ಸುತ್ತಲಿಂದ ಒಳಕ್ಕೆ ಕಡಿಯುತ್ತ ಹೋದರೆ ಪ್ರಾಣಿಗಳೆಲ್ಲ ನಡುವಿನ ತುಂಡಿನಲ್ಲಿ ಸಿಕ್ಕಿಬೀಳುತ್ತವೆ. ರಸ್ತೆ ಬದಿಯಿಂದ ಶುರು ಮಾಡಿ ಹಳ್ಳ, ಬೇಲಿ ಇರುವ ಕಡೆಗೆ ಕಡಿಯುತ್ತ ಹೋಗಿ. ದೊಡ್ಡವು ಓಡಿಹೋಗಲು ದಾರಿ ಇರುತ್ತದೆ. ಕೊನೆಯ ನಾಲ್ಕೈದು ಸಾಲನ್ನು ರಾತ್ರಿ ಕಳೆದ ಮೇಲೆ ಕಡಿಯಿರಿ.

ಬೆಂಕಿಯ ಬಗ್ಗೆ ಕೈಮುಗಿದು ಕೇಳಿಕೊಳ್ಳುತ್ತೇನೆ. ತರಗಿಗೆ ಬೆಂಕಿ ಹಚ್ಚಿದರೆ ಕಣ್ಣು ಬಿಡದ ಮರಿಗೆ ಓಡುವ ದಾರಿಯೇ ಇಲ್ಲ. ತರಗನ್ನು ಕೂಳೆ ಬೆಳೆಯ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಸಾಲಿನ ನಡುವೆ ಹೊದಿಕೆಯಾಗಿ ಹರಡಿ. ತೇವ ಉಳಿಯುತ್ತದೆ, ಕಳೆ ಕಮ್ಮಿಯಾಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಇಲಿ ಪಾಷಾಣ: ಇಲ್ಲೇ ಎಲ್ಲರೂ ಎಡವುವುದು

ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದಲ್ಲಿ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿ ತಿನ್ನುತ್ತದೆ ಅಂತ ಕಂಡುಬಂತು. ಕಮ್ಮಿ ಲೆಕ್ಕ ಹಿಡಿದರೂ ವರ್ಷಕ್ಕೆ ಸಾವಿರ ದಾಟುತ್ತದೆ. ಕೂಲಿ ಕೇಳದೆ, ರಜೆ ಹಾಕದೆ ದುಡಿಯುವ ಆಳು ಅದು ಅಲ್ವಾ? ಆ ಆಳಿಗೆ ನಾವೇ ವಿಷ ಉಣಿಸುತ್ತಿದ್ದೇವೆ.

ಅಂಗಡಿಯಲ್ಲಿ ಕೇಕಿನ ತುಂಡಿನಂತೆ ಸಿಗುವ ಪಾಷಾಣದಲ್ಲಿ ಸಾಮಾನ್ಯವಾಗಿ ಬ್ರೋಮಡಿಯೋಲೋನ್ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಒಳಗೊಳಗೇ ರಕ್ತ ಸೋರಿಸುವ ವಿಷ ಅದು. ತಿಂದ ಇಲಿ ಆಗಲೇ ಸಾಯುವುದಿಲ್ಲ. ಹಲವು ದಿನ ತೂರಾಡುತ್ತ ಬಯಲಲ್ಲೇ ಓಡಾಡುತ್ತದೆ. ಅಂಥ ಇಲಿಯನ್ನು ಹಿಡಿಯುವುದು ಬೆಕ್ಕಿಗೂ ಗೂಬೆಗೂ ಸುಲಭ. ಇಲಿಯ ಮೈಯಲ್ಲಿದ್ದ ವಿಷ ಅವುಗಳಿಗೂ ದಾಟುತ್ತದೆ. ಬೆಕ್ಕು, ಗೂಬೆ, ಕೇರೆಹಾವು ಇಲ್ಲದ ಹೊಲದಲ್ಲಿ ಇಲಿ ಮೊದಲಿಗಿಂತ ಜೋರಾಗಿ ಹೆಚ್ಚುತ್ತದೆ. ಇಲಿ ವರ್ಷಕ್ಕೆ ಹಲವು ಸಲ ಮರಿ ಹಾಕುತ್ತದೆ, ಬೆಕ್ಕಿಗೆ ಆ ವೇಗ ಇಲ್ಲ.

ಬದಲಿಗೆ ಹೀಗೆ ಮಾಡಿ. ಸಂಜೆ ಬದುವಿನ ಎಲ್ಲ ಬಿಲಗಳನ್ನೂ ಹಸಿ ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಇಲಿ ಇದೆ. ಅಲ್ಲಿಗೆ ಬಿದಿರಿನ ಬಿಲ್ಲು ಬೋನು ಇಡಿ. ಬದು ದಪ್ಪವಾದಷ್ಟೂ ಹೆಗ್ಗಣಕ್ಕೆ ಬಿಲ ತೋಡಲು ಸುಲಭ, ಹಾಗಾಗಿ ಬದುವನ್ನು ಆದಷ್ಟು ಸಣ್ಣದು ಮಾಡಿ. ಗೂಬೆ ಕೂರಲು ಅಲ್ಲಲ್ಲಿ ಎತ್ತರದ ಕೋಲು ನೆಟ್ಟು ಮೇಲೆ ಅಡ್ಡಪಟ್ಟಿ ಹೊಡೆಯಿರಿ. ಊರವರೆಲ್ಲ ಒಂದೇ ವಾರದಲ್ಲಿ ಒಟ್ಟಿಗೆ ಮಾಡಿದರೆ ಇದು ಫಲ ಕೊಡುತ್ತದೆ. ನೀವೊಬ್ಬರೇ ಮಾಡಿದರೆ ಪಕ್ಕದ ಗದ್ದೆಯ ಇಲಿ ನಿಮ್ಮಲ್ಲಿಗೆ ಬರುತ್ತದೆ.

ಕೋಳಿ ಹೋಗುತ್ತಿದ್ದರೆ

ಕಾಡುಬೆಕ್ಕು ಕೋಳಿ ಹಿಡಿಯುತ್ತದೆ, ಇಲ್ಲ ಅನ್ನುವುದಿಲ್ಲ. ನಾಟಿ ಕೋಳಿ ಕಳೆದುಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಉರುಳು ಹಾಕಿ ಒಂದನ್ನು ಕೊಂದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಗೂಡು ಭದ್ರ ಮಾಡಿದರೆ ಆ ತಲೆನೋವೇ ಮುಗಿಯಿತು.

ಕೋಳಿ ಬಲೆ ಅಂತ ಮಾರುವ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಬೆಕ್ಕನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿ. ಬುಡದಲ್ಲಿ ಒಂದು ಅಡಿ ಮಣ್ಣಿನೊಳಗೆ ಹೂತಿಡಿ, ಮೇಲ್ಛಾವಣಿಯನ್ನೂ ಮುಚ್ಚಿ. ಬಾಗಿಲ ಕೆಳಗೆ ಎರಡು ಬೆರಳು ಸಂದು ಇದ್ದರೂ ತುಕ್ಕುಚುಕ್ಕೆ ಬೆಕ್ಕಿನ ಪಂಜ ತೂರುತ್ತದೆ. ಕತ್ತಲಾಗುವ ಮುಂಚೆ ಕೋಳಿ ಒಳಗೆ ಹೋಗಿ ಅಗುಳಿ ಬಿದ್ದಿರಬೇಕು. ಮಧ್ಯಾಹ್ನವೂ ಕಾಡುಬೆಕ್ಕು ಓಡಾಡುವುದರಿಂದ ಚಿಕ್ಕ ಕೋಳಿಮರಿಗಳನ್ನು ಹಗಲಲ್ಲೂ ಬೇಲಿಯೊಳಗೇ ಮೇಯಿಸಿ.

ಉಳಿದ ಸಣ್ಣ ವಿಷಯಗಳು

ಕಟ್ಟೆ ಇಲ್ಲದ ಬಾವಿ ಇದ್ದರೆ ಕಟ್ಟೆ ಕಟ್ಟಿಸಿ. ಅಲ್ಲಿಯವರೆಗೆ ಒಂದು ಒರಟು ಮರದ ದಿಮ್ಮಿಯನ್ನು ನೀರಿನ ತನಕ ಓರೆಯಾಗಿ ಇಳಿಬಿಡಿ, ಬಿದ್ದ ಪ್ರಾಣಿ ಹತ್ತಿ ಬರುತ್ತದೆ. ಮನೆ ಬೆಕ್ಕಿಗೆ, ನಾಯಿಗೆ ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ. ಮನೆ ಬೆಕ್ಕಿನ ರೋಗ ಕಾಡುಬೆಕ್ಕಿಗೂ ಅಂಟುತ್ತದೆ, ಎರಡೂ ಕೂಡಿ ಮರಿ ಹಾಕುವುದೂ ಇದೆ.

ಮರಿಯೇ ಆಗಲಿ, ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಮೆತ್ತಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡುಪ್ರಾಣಿ ಕಚ್ಚಿದ್ದು ಅಂತ ಸ್ಪಷ್ಟವಾಗಿ ಹೇಳಿ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ನಾಳೆ ನೋಡೋಣ ಅನ್ನಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಮರಿ ತಾಯಿಯನ್ನು ಸೇರಿದ ಖುಷಿಗೆ ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಫೋಟೊ ಹಾಕಬೇಕು ಅನಿಸಿದರೆ ಹಾಕಿ. ಊರಿನ ಹೆಸರು, ಗದ್ದೆಯ ಗುರುತು, ಲೊಕೇಶನ್ ಮಾತ್ರ ಹಾಕಬೇಡಿ. ಮರಿ ಹಿಡಿದು ಮಾರುವವರೂ ಅದನ್ನು ನೋಡುತ್ತಾರೆ.